ಅರ್ಧಕ್ಕೆ ನಿಲ್ಲದ ಗರಗಸ

ಮೊದಲೇ ಹೇಳಿಬಿಡುತ್ತೇನೆ ಸರ್. ನಾನು ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೂ ಈ ಗರಗಸದ ಇನ್ನೂರ ಹನ್ನೆರಡು ಹಲ್ಲೂ ಉದುರಿ ನನ್ನ ಬಾಯಲ್ಲಿ ಬಂದು ಕೂರಲಿ. ಹಲ್ಲು ಎಣಿಸಿದವನು ನಾನೇ. ಇಪ್ಪತ್ತಾರು ವರ್ಷದಿಂದ ಈ ಮರದ ಮಿಲ್ಲಿನಲ್ಲಿ ಗರಗಸಕ್ಕೆ ಸಾಣೆ ಹಿಡಿಯುತ್ತಿದ್ದೇನೆ. ಬೆಳಗಿಂದ ಸಂಜೆಯವರೆಗೆ ಅರ ಉಜ್ಜುವವನಿಗೆ ಸುಳ್ಳು ಹೇಳುವುದಕ್ಕೆ ಪುರುಸೊತ್ತಾದರೂ ಎಲ್ಲಿ?

ಆ ದಿಮ್ಮಿಯ ಮೇಲೆ ಕೂತುಕೊಳ್ಳಿ. ಈ ತುದಿಗೆ ಬನ್ನಿ, ಆ ತುದಿಯಲ್ಲಿ ಅಂಟು ಒಸರುತ್ತದೆ. ಹೋದ ವರ್ಷ ಒಬ್ಬ ಗಿರಾಕಿ ಅಲ್ಲಿ ಕೂತು, ಏಳುವಾಗ ಪ್ಯಾಂಟನ್ನು ನಮಗೇ ಬಿಟ್ಟು ಹೋದ. ನೀವು ವ್ಯಾನಿನಲ್ಲಿ ತಂದ ಯಂತ್ರ ಅಲ್ಲಿ ಬಾಯ್ಲರ್ ಶೆಡ್ಡಿನೊಳಗೆ ತನ್ನ ಪಾಡಿಗೆ ಗುಂಯ್ ಎನ್ನುತ್ತಿದೆ. ಒಂದು ಗಂಟೆ ಬೇಕು, ಯಾರೂ ಮುಟ್ಟಬಾರದು, ಮುಗಿದ ಮೇಲೆ ಕಾಗದ ತಾನಾಗಿ ಹೊರಗೆ ಬರುತ್ತದೆ ಎಂದು ನೀವೇ ಹೇಳಿದಿರಿ. ಒಂದು ಗಂಟೆ ಗೋಡೆ ನೋಡುವುದಕ್ಕಿಂತ ನನ್ನ ಮುಖ ನೋಡಿ. ಗೋಡೆ ಇದಕ್ಕಿಂತ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಮಾತಾಡುವುದಿಲ್ಲ.

ಅಷ್ಟರಲ್ಲಿ ಇದನ್ನು ಒಂದು ಚಮಚ ರುಚಿ ನೋಡಿ. ಒಳಗೆ ಯಂತ್ರ ಅಳೆಯುತ್ತಿರುವುದೂ ಇದೇ ಪಾಕ. ಚಮಚ ಸ್ವಲ್ಪ ದೊಡ್ಡದು ಅನ್ನಿಸಬಹುದು, ಅಂಟು ಕಲಸುವ ಚಮಚ. ತೊಳೆದಿದ್ದೇವೆ, ಬಹುಶಃ. ಹೇಗಿದೆ? ಸಕ್ಕರೆಯಷ್ಟು ಸಿಹಿ ಇಲ್ಲ, ಅಲ್ಲವಾ? ಅದೇ ನಮಗೆ ಬೇಕಾಗಿದ್ದು. ಇದು ಸಕ್ಕರೆಯಷ್ಟೇ ಸಿಹಿ ಆಗಿಬಿಟ್ಟಿದ್ದ ದಿನ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಇದನ್ನು ಮಾಡಿದವಳು ನನ್ನ ಹೆಂಡತಿಯ ತಂಗಿ, ಅಂದರೆ ನನ್ನ ನಾದಿನಿ. ಇದಕ್ಕೆ ಹಬೆ ಕೊಟ್ಟವರು ಅವಳ ಅಪ್ಪ, ಅಂದರೆ ನನ್ನ ಮಾವ. ಕಾಗದ ಸರಿಯಾಗಿ ಬಂದು ನೀವು ಸಹಿ ಹಾಕಿದರೆ ಆ ಶೆಡ್ಡು ಇನ್ನು ಮೇಲೆ ಅವಳದು. ಇಲ್ಲದಿದ್ದರೆ ಸೋಮವಾರ ಧಣಿಗಳು ಶೆಡ್ಡನ್ನು ಕೆಡವಿ ಲಾರಿ ತಿರುಗಿಸುವುದಕ್ಕೆ ಜಾಗ ಮಾಡುತ್ತಾರೆ. ಟ್ಯಾಂಕು ಗುಜರಿಗೆ, ಮಾವ ಮನೆಗೆ. ಇಲ್ಲ ಇಲ್ಲ, ನಿಮ್ಮ ಮನಸ್ಸು ಕರಗಿಸುವುದಕ್ಕೆ ಹೇಳಲಿಲ್ಲ. ಅಳೆಯುವುದು ಯಂತ್ರ, ಅದಕ್ಕೆ ಮನಸ್ಸಿಲ್ಲ ಎಂದು ನನಗೂ ಗೊತ್ತು. ಬೆಳಿಗ್ಗೆ ಅದಕ್ಕೂ ಒಂದು ನಮಸ್ಕಾರ ಹಾಕಿ ನೋಡಿದೆ, ಏನೂ ಪ್ರಯೋಜನವಾಗಲಿಲ್ಲ.

ಹಿಂದುಗಡೆ ಮರದ ಹೊಟ್ಟಿನ ಗುಡ್ಡ ನೋಡಿದಿರಲ್ಲ? ಮಿಲ್ಲು ಶುರುವಾದಂದಿನಿಂದ ಗರಗಸ ಉಗುಳಿದ್ದೆಲ್ಲ ಅಲ್ಲೇ ಬಿದ್ದಿದೆ. ಊರಿಗೆಲ್ಲ ಆರು ಗಂಟೆಗೆ ಬೆಳಗಾದರೆ ನಮ್ಮ ಮಿಲ್ಲಿಗೆ ಎಂಟೂವರೆಗೆ. ಸೂರ್ಯ ಪಾಪ ಅದನ್ನು ಹತ್ತಿ ಬರಬೇಕಲ್ಲ. ಒಂದು ಸಲ ಒಂದು ಹೆಣ್ಣು ನಾಯಿಮರಿ ಈ ಕಡೆಯಿಂದ ಹತ್ತಿತು. ಆ ಕಡೆ ಇಳಿಯುವಾಗ ಅದರ ಹಿಂದೆ ಅದರದೇ ನಾಲ್ಕು ಮರಿಗಳಿದ್ದವು. ಸುಟ್ಟರೆ ಹೊಗೆ, ಬಿಟ್ಟರೆ ಧೂಳು. ಯಾರಿಗೆ ಪುಕ್ಕಟೆ ಕೊಡುತ್ತೇವೆಂದರೂ ಕೈ ಮುಗಿದು ಓಡಿಹೋಗುತ್ತಿದ್ದರು.

ಆ ಗುಡ್ಡವನ್ನು ನೋಡಿ ಕಣ್ಣರಳಿಸಿದವಳು ನಾದಿನಿಯೊಬ್ಬಳೇ. ದೊಡ್ಡ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಒಂದು ಬಿಳಿ ಡಬ್ಬಿ ಎದೆಗವಚಿಕೊಂಡು ಬಂದು ನಮ್ಮ ಅಡುಗೆಮನೆಯಲ್ಲಿ ಇಳಿದಳು.

"ಡಬ್ಬಿಯಲ್ಲಿ ಏನಮ್ಮ?" ಎಂದೆ.

"ಗರಗಸ ಭಾವ."

"ಎಷ್ಟು ಹಲ್ಲು?"

"ಹಲ್ಲೇ ಇಲ್ಲ. ಕೊಳೆತ ಮರದ ಮೇಲೆ ಬೂಷ್ಟು ಬೆಳೆಯುತ್ತಲ್ಲ, ಅದು ಮರ ತಿನ್ನೋದು ಹೇಗೆ ಹೇಳಿ? ಎಂಜೈಮ್ ಅಂತ ಒಂದು ರಸ ಬಿಡುತ್ತೆ, ಆ ರಸಾನೇ ಕತ್ತರಿಸುತ್ತೆ. ಈ ಡಬ್ಬಿಯಲ್ಲಿ ಇರೋದು ಅದು."

"ಹಲ್ಲಿಲ್ಲದ ಗರಗಸ ಬಂದರೆ ಸಾಣೆ ಹಿಡಿಯೋನ ಗತಿ ಏನು?"

"ಅದನ್ನ ನಿಮ್ಮಿಂದ ದೂರ ಇಡೋದೇ ನನ್ನ ಮೊದಲನೇ ಕೆಲಸ ಭಾವ," ಎಂದಳು. ಆಗ ನಕ್ಕೆ. ಆಮೇಲೆ ಅದು ಯಾಕೆ ನಿಜವಾಯಿತು ಎಂದು ಹೇಳುತ್ತೇನೆ.

ಮೂರು ವರ್ಷ ಅವಳು ಕುಕ್ಕರಿನಲ್ಲಿ ಹೊಟ್ಟು ಬೇಯಿಸಿದಳು. ನನ್ನ ಹೆಂಡತಿ ಕುಕ್ಕರ್ ವಾಪಸ್ ಕೊಡೇ ಎಂದು ಕೇಳಿ ಕೇಳಿ ಸುಸ್ತಾಗಿ ಹೊಸದು ತಂದಳು. ಅದೂ ಹೋಯಿತು. ಮೂರನೆಯದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ನಾವು ಮೂರು ವರ್ಷ ಏನು ತಿಂದರೂ ಹೊಸ ಬೆಂಚಿನ ವಾಸನೆ.

ಆದರೆ ಅವಳು ಹೇಳಿದ್ದು ಒಂದು ನನಗೆ ಚೆನ್ನಾಗಿ ಹಿಡಿಸಿತು. ನಮ್ಮ ಕರುಳಿನ ಕೊನೆಯಲ್ಲಿ ಕಣ್ಣಿಗೆ ಕಾಣದ ಒಳ್ಳೆಯ ಜೀವಿಗಳು ಇವೆಯಂತೆ, ನಮ್ಮ ಹೊಟ್ಟೆ ಕಾಯುವವು. ನಾವು ತಿಂದದ್ದು ಅಲ್ಲಿಗೆ ತಲುಪುವುದೇ ಕಷ್ಟ.

"ಬಸ್ಸಿನ ಹಾಗೆ ಭಾವ," ಎಂದಳು. "ಒಂಟಿ ಸಕ್ಕರೆ ಮೊದಲನೇ ಸ್ಟಾಪಲ್ಲೇ ಇಳಿದು ರಕ್ತಕ್ಕೆ ಸೇರಿಬಿಡುತ್ತೆ. ಎರಡು, ಮೂರು, ನಾಲ್ಕು ಸಕ್ಕರೆ ಕೈ ಕೈ ಹಿಡ್ಕೊಂಡಿದ್ರೆ ಆ ಬಾಗಿಲಲ್ಲಿ ಇಳಿಯೋಕಾಗಲ್ಲ. ಕೊನೇ ಸ್ಟಾಪಿನವರೆಗೂ ಹೋಗ್ತವೆ. ಅಲ್ಲಿ ಇವರು ತಟ್ಟೆ ಹಿಡ್ಕೊಂಡು ಕಾಯ್ತಿರ್ತಾರೆ."

"ಮರದಲ್ಲಿ ಅಂಥವು ಇವೆಯಾ?"

"ಮರದಲ್ಲಿ ನೂರಾರು ಸಕ್ಕರೆಯ ಉದ್ದುದ್ದ ಸರಪಳಿ ಇದೆ. ಹಬೆಯಲ್ಲಿ ಬೇಯಿಸಿದ್ರೆ ಬಿಚ್ಚಿಕೊಳ್ಳುತ್ತೆ. ಎಂಜೈಮ್ ಹಾಕಿ ತುಂಡು ಮಾಡಬೇಕು. ಎರಡು ಮೂರು ನಾಲ್ಕರ ತುಂಡಾದಾಗ ನಿಲ್ಲಿಸಬೇಕು. ಅಷ್ಟೇ ಭಾವ."

ಅಷ್ಟೇ. ಈ 'ಅಷ್ಟೇ' ಇದೆಯಲ್ಲ ಸರ್, ಇದರ ತೂಕ ಎಷ್ಟು ಎಂದು ನಿಮ್ಮ ಯಂತ್ರದಲ್ಲಿ ಹಾಕಿ ನೋಡಿ ಒಂದು ಸಲ.

ಧಣಿಗಳ ಹತ್ತಿರ ಹೋದೆವು. ಅವರು ನಾದಿನಿಯನ್ನು ಮೇಲಿಂದ ಕೆಳಗೆ ನೋಡಿದರು. "ಹೊಟ್ಟಿನಿಂದ ಸಕ್ಕರೆನಾ? ಏನಮ್ಮ, ಬಿಸಿಲಲ್ಲಿ ನಡ್ಕೊಂಡು ಬಂದ್ಯಾ?" ಎಂದರು. ಆದರೂ ಆ ಗುಡ್ಡದಿಂದ ಅವರಿಗೂ ಬೆಳಕು ಕಂಡು ಬಹಳ ದಿನವಾಗಿತ್ತು. ಹಳೇ ಬಾಯ್ಲರ್ ಶೆಡ್ಡು ಕೊಟ್ಟರು. "ಮೂರು ಟ್ಯಾಂಕು. ಮೂರರಲ್ಲಿ ಒಂದಾದ್ರೂ ಪರೀಕ್ಷೆ ಪಾಸಾಗ್ಲಿ. ಇಲ್ಲಾಂದ್ರೆ ಲಾರಿಗೆ ಜಾಗ," ಎಂದರು.

"ಬಾಯ್ಲರ್ ನಡೆಸೋಕೆ ಅಪ್ಪನೇ ಬೇಕು," ಎಂದಳು ಇವಳು.

ಇದು ಯಾಕೆಂದು ಕೇಳಿ. ಮಾವ ನಲವತ್ತೊಂದು ವರ್ಷ ಈ ಮಿಲ್ಲಿನ ದೊಡ್ಡ ಗರಗಸದ ಮುಂದೆ ನಿಂತವರು. ಅಷ್ಟೂ ವರ್ಷದ ಧೂಳು ಎದೆಯಲ್ಲಿ ಕೂತು, ಕೆಮ್ಮಿದರೆ ಯಾವ ಜಾತಿಯ ಮರ ಎಂದು ಹೇಳಬಹುದಾಗಿತ್ತು. ಡಾಕ್ಟರು ಗರಗಸದ ಹತ್ತಿರ ಹೋಗಕೂಡದು ಎಂದರು. ಧಣಿಗಳು ಮನೆಗೆ ಹೋಗಿ ಆರಾಮಾಗಿರಿ ಎಂದರು. ಮಾವನಿಗೆ ಆರಾಮು ಎಂದರೆ ಏನೆಂದೇ ಗೊತ್ತಿಲ್ಲ. ಮನೆಯಲ್ಲಿ ಎರಡು ದಿನ ಕೂತವರು, ಮೂರನೇ ದಿನ ಊಟದ ಮೇಜಿನ ನಾಲ್ಕು ಕಾಲನ್ನೂ ಸಮ ಮಾಡುತ್ತೇನೆಂದು ಶುರು ಮಾಡಿದರು. ಸಂಜೆ ಹೊತ್ತಿಗೆ ನಾವು ನೆಲದ ಮೇಲೆ ಕೂತು ಮೇಜಿನ ಮೇಲೆ ಉಣ್ಣುತ್ತಿದ್ದೆವು. ಅದಕ್ಕೇ ಇವಳು ಅಪ್ಪನೇ ಬೇಕು ಎಂದಿದ್ದು. ಬಾಯ್ಲರಿನಲ್ಲಿ ಧೂಳಿಲ್ಲ, ಹಬೆ ಮಾತ್ರ.

ಇನ್ನೊಂದು ಚಮಚ ತಗೊಳ್ಳಿ. ಸಂಕೋಚ ಬೇಡ. ರುಚಿ ನೋಡುವುದು ನಿಮ್ಮ ಕೆಲಸವೇ ಅಲ್ಲವಾ?

ಮೊದಲನೇ ಟ್ಯಾಂಕನ್ನು ಕೆಡಿಸಿದವನು ನಾನು. ಸುಳ್ಳು ಹೇಳುವುದಿಲ್ಲ ಎಂದು ಆಗಲೇ ಆಣೆ ಇಟ್ಟಾಗಿದೆ. ಗುಡ್ಡದಿಂದ ಹೊಟ್ಟು ಹೊತ್ತು ತರುವ ಬದಲು ನನ್ನ ಸಾಣೆ ಬೆಂಚಿನ ಕೆಳಗೆ ಬಿದ್ದಿದ್ದ ನುಣ್ಣನೆಯ ಹೊಟ್ಟನ್ನೇ ಎಂಟು ಚೀಲ ತುಂಬಿಸಿ ಕೊಟ್ಟೆ. ನಾದಿನಿಗೆ ಬೆನ್ನುನೋವು ಬರಬಾರದಲ್ಲ. ಆದರೆ ಆ ಹೊಟ್ಟಿನಲ್ಲಿ ಇಪ್ಪತ್ತಾರು ವರ್ಷ ನಾನು ಅರದಿಂದ ಉಜ್ಜಿದ ಕಬ್ಬಿಣದ ಪುಡಿ ಇತ್ತು. ಮರದ ಒಗರಿಗೂ ಕಬ್ಬಿಣಕ್ಕೂ ಬಿಸಿನೀರಲ್ಲಿ ಸ್ನೇಹವಾದರೆ ಏನಾಗುತ್ತದೆ ಗೊತ್ತಾ? ಶಾಯಿ. ಟ್ಯಾಂಕಿನ ತುಂಬ ಕಪ್ಪು ಶಾಯಿ. ನಮ್ಮ ಗುಮಾಸ್ತ ಅದರಲ್ಲಿ ಪೆನ್ನು ಅದ್ದಿ, ಜಗಳವಾಡಿಕೊಂಡು ತವರಿಗೆ ಹೋಗಿದ್ದ ಹೆಂಡತಿಗೆ ಕಾಗದ ಬರೆದ. ಅವಳು ಮೂರೇ ದಿನಕ್ಕೆ ವಾಪಸ್ ಬಂದಳು. ಮುಖಕ್ಕೆ ಹಿಡಿದಿದ್ದ ಕಾಗದದಲ್ಲಿ ಹೊಸ ಬೆಂಚಿನ ವಾಸನೆ ಬಂತಂತೆ, ಹೊಸ ಪೀಠೋಪಕರಣ ತಂದಿದ್ದಾನೆ ಎಂದುಕೊಂಡಳಂತೆ.

ನಾದಿನಿ ಬೈಯಲಿಲ್ಲ. "ಭಾವ, ನಿಮ್ಮ ಬೆಂಚಿಗೂ ನನ್ನ ಟ್ಯಾಂಕಿಗೂ ನಡುವೆ ಒಂದು ಊರಿರಲಿ," ಎಂದಳು. ಉಳಿದದ್ದು ಎರಡು ಟ್ಯಾಂಕು.

ಎರಡನೆಯದಕ್ಕೆ ಗುಡ್ಡದ ನಡುಭಾಗದಿಂದ ಶುದ್ಧ ಹೊಟ್ಟು ತಂದೆವು. ಹಬೆಯಲ್ಲಿ ಬೇಯಿಸಿ, ಸೋಸಿ, ಕೈ ತಡೆಯುವಷ್ಟು ಬಿಸಿಗೆ ಇಳಿಸಿ, ಡಬ್ಬಿಯ ಎಂಜೈಮ್ ಹಾಕಿದ್ದಾಯಿತು. ನಾಲ್ಕು ಗಂಟೆ ಕತ್ತರಿಸಲು ಬಿಡಬೇಕು. ಆಮೇಲೆ ಮಾವ ವಾಲ್ವಿನ ಚಕ್ರವನ್ನು ಬಲಕ್ಕೆ ತಿರುಗಿಸಿ ಹಬೆ ಬಿಡಬೇಕು. ತೊಂಬತ್ತು ಡಿಗ್ರಿ ದಾಟಿದರೆ ಎಂಜೈಮ್ ಸತ್ತು ಕತ್ತರಿಸುವುದು ನಿಲ್ಲುತ್ತದೆ. ಆ ದಿನವೇ ನಾದಿನಿ ಸೋಸುವ ಇದ್ದಿಲು ತರುವುದಕ್ಕೆ ಪಟ್ಟಣಕ್ಕೆ ಹೋಗಬೇಕಾಯಿತು. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ದಪ್ಪಕ್ಕೆ ಬರೆದಳು: 'ಅಪ್ಪ, ಮೂರು ಗಂಟೆಗೆ ಹಬೆ.' ಅಪ್ಪನಿಗೆ ಎರಡು ಸಲ ಹೇಳಿದಳು, ನನಗೆ ಐದು ಸಲ ಹೇಳಿದಳು.

ಮೂರು ಗಂಟೆ ಆಯಿತು. ಮಾವ ಚಕ್ರದ ಮೇಲೆ ಕೈ ಇಟ್ಟರು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರು.

"ಅಳಿಯಂದಿರೇ, ಇನ್ನೂ ಕತ್ತರಿಸ್ತಾ ಇದೆ," ಎಂದರು.

"ಮೂರು ಗಂಟೆ ಆಯ್ತಲ್ಲ ಮಾವ."

"ಆಗ್ಲಿ. ಗರಗಸ ಮರದೊಳಗೆ ಇದೆ."

ನನಗೆ ಅರ್ಥವಾಯಿತು. ಆದರೂ ಬಾಯಿ ಮುಚ್ಚಿಕೊಂಡೆ, ನಲವತ್ತೊಂದು ವರ್ಷದ ಅನುಭವದ ಮುಂದೆ ನಾನು ಯಾರು?

ಇದು ಈ ಮಿಲ್ಲಿನ ದೊಡ್ಡ ಕಟ್ಟಳೆ ಸರ್. ಗರಗಸ ದಿಮ್ಮಿಯೊಳಗೆ ಹೊಕ್ಕಿತೆಂದರೆ ಆ ತುದಿಯಲ್ಲಿ ಹೊರಗೆ ಬರುವವರೆಗೆ ನಿಲ್ಲಿಸುವ ಹಾಗಿಲ್ಲ. ಅರ್ಧಕ್ಕೆ ನಿಲ್ಲಿಸಿದರೆ ಮರ ಬಾಯಿ ಮುಚ್ಚಿ ಗರಗಸವನ್ನು ಕಚ್ಚಿಕೊಳ್ಳುತ್ತದೆ. ಬೇರೆಯವರು ಅದನ್ನು ಪಾಲಿಸುತ್ತಾರೆ, ಮಾವ ಅದನ್ನು ಉಸಿರಾಡುತ್ತಾರೆ. ನನ್ನ ಮದುವೆಗೆ ಹೆಣ್ಣಿನ ಅಪ್ಪ ಎರಡು ಗಂಟೆ ತಡವಾಗಿ ಬಂದರು, ಯಾಕೆಂದರೆ ದಿಮ್ಮಿ ಹದಿನೆಂಟು ಅಡಿಯದು. ಒಂದು ಸಲ ಮಿಲ್ಲಿನ ಮೂಲೆಗೆ ಬೆಂಕಿ ಬಿತ್ತು. ಎಲ್ಲರೂ ಓಡಿದರು. ಮಾವ ಹಲಗೆ ಮುಗಿಸಿ, ಅದರ ಅಂಚು ನೋಡಿ, ಹೆಗಲ ಮೇಲೆ ಹೊತ್ತುಕೊಂಡು ನಡೆದು ಬಂದರು. ಹಿಂದೆ ಉರಿ, ಮುಂದೆ ಮಾವ. ಆ ಶೆಡ್ಡಿನ ಬಾಗಿಲು ನೋಡಿ, ಕೆಳಗೆ ಸುಟ್ಟ ಕಲೆ ಇದೆ. ಅದೇ ಹಲಗೆ.

ನಗಬೇಡಿ. ಮಾವನ ಎಡಗೈ ನೋಡಿದ್ದೀರಾ? ಮೂರೇ ಬೆರಳು. ಕೆಲಸಕ್ಕೆ ಸೇರಿದ ಮೊದಲ ವರ್ಷ ಯಾರೋ ಕರೆದರೆಂದು ಗರಗಸವನ್ನು ಅರ್ಧಕ್ಕೆ ನಿಲ್ಲಿಸಿದ್ದರಂತೆ. ಮರ ಕಚ್ಚಿತು, ಗರಗಸದ ಉಕ್ಕಿನ ಪಟ್ಟಿ ಹರಿದು ಹಾವಿನ ಹಾಗೆ ಎದ್ದು ಬಂತು. ಅವತ್ತಿನಿಂದ ಆ ಕೈ ಮಧ್ಯದಲ್ಲಿ ಏನನ್ನೂ ನಿಲ್ಲಿಸಿಲ್ಲ. ಸಾಲದ್ದಕ್ಕೆ ಶೆಡ್ಡಿನ ವಾಲ್ವಿಗೆ ನಾವು ಹಾಕಿದ್ದು ಅದೇ ಹಳೇ ಗರಗಸವನ್ನು ನಿಲ್ಲಿಸುತ್ತಿದ್ದ ಚಕ್ರ. ಬೇರೆ ಚಕ್ರ ಸಿಕ್ಕಿರಲಿಲ್ಲ. ಕೈಗೆ ಗುರುತು ಸಿಗದೆ ಇರುತ್ತದಾ?

ನಾದಿನಿಯ ಬಸ್ಸು ಕೆಟ್ಟಿತ್ತು. ಮಾರನೇ ದಿನ ಬೆಳಿಗ್ಗೆ ಇದ್ದಿಲಿನ ಚೀಲ ಹೊತ್ತು ಬಂದಳು. ಟ್ಯಾಂಕಿಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು. ಮುಖ ಬಿಳಚಿಕೊಂಡಿತು.

"ಅಪ್ಪ, ಎಷ್ಟು ಹೊತ್ತು ಬಿಟ್ರಿ?"

"ಮುಗಿಯೋವರೆಗೂ." ಮಾವನ ಮುಖದಲ್ಲಿ ಹೆಮ್ಮೆ. "ಒಂದು ಚೂರೂ ಉಳಿಸಿಲ್ಲ ಮಗಳೇ. ಹೇಗಿದೆ? ಸಿಹಿ ಇದೆಯಾ?"

"ತುಂಬಾ ಸಿಹಿ ಇದೆ ಅಪ್ಪ," ಎಂದು ಅಲ್ಲೇ ಚೀಲದ ಮೇಲೆ ಕೂತುಬಿಟ್ಟಳು. "ಎಲ್ಲಾ ಒಂಟಿ ಸಕ್ಕರೆ ಆಗಿಹೋಗಿದೆ. ಇದು ಮೊದಲನೇ ಸ್ಟಾಪಲ್ಲೇ ಇಳಿದುಹೋಗುತ್ತೆ. ನನಗೆ ಬೇಕಾಗಿದ್ದು ಹಲಗೆ. ನೀವು ಹೊಟ್ಟು ಮಾಡಿ ಕೊಟ್ರಿ."

ಸರ್, ನಲವತ್ತೊಂದು ವರ್ಷ ಗರಗಸದ ಮುಂದೆ ನಿಂತವರಿಗೆ ಇದಕ್ಕಿಂತ ದೊಡ್ಡ ಬೈಗುಳ ಯಾವ ಭಾಷೆಯಲ್ಲೂ ಇಲ್ಲ. ಅವಳು ಬೈಯಬೇಕೆಂದು ಹೇಳಿದ್ದೂ ಅಲ್ಲ. ಮಾವ ತಮ್ಮ ಮೂರು ಬೆರಳು ನೋಡಿಕೊಂಡರು. ಟೋಪಿ ತೆಗೆದು ಮೊಳೆಗೆ ನೇತುಹಾಕಿ ಮನೆಗೆ ಹೋದರು. ಆ ಮಧ್ಯಾಹ್ನ ನಮ್ಮ ಮನೆಯಲ್ಲಿ ಅನ್ನ ಆರಿತು, ನೊಣ ಕೂಡ ಬರಲಿಲ್ಲ.

ಮೂರನೇ ದಿನ ಮಾವ ನನ್ನ ಬೆಂಚಿನ ಹತ್ತಿರ ಬಂದು ನಿಂತರು. "ಅಳಿಯಂದಿರೇ, ಖಾಲಿ ಟ್ಯಾಂಕಿನ ಮುಂದೆ ನಿಂತು ಅಭ್ಯಾಸ ಮಾಡಿದೆ. ಕೈ ತಿರುಗ್ತಾ ಇಲ್ಲ," ಎಂದರು.

"ಖಾಲಿ ಟ್ಯಾಂಕಲ್ಲೂ?"

"ಖಾಲಿ ಅಂತ ನನಗೆ ಗೊತ್ತು. ಕೈಗೆ ಗೊತ್ತಿಲ್ಲ."

"ಚಕ್ರ ಬದಲಾಯಿಸೋಣ ಮಾವ."

"ತಪ್ಪು ಚಕ್ರದ್ದಲ್ಲ."

"ಹಾಗಾದ್ರೆ ನಾನು ತಿರುಗಿಸ್ತೀನಿ."

ನನ್ನನ್ನು ಒಂದು ಕ್ಷಣ ನೋಡಿದರು. ಎಂಟು ಚೀಲ ಕಬ್ಬಿಣದ ಪುಡಿ ಆ ನೋಟದಲ್ಲಿತ್ತು. ನಾನು ಅರ ಎತ್ತಿಕೊಂಡು ಉಜ್ಜತೊಡಗಿದೆ.

ಅವರು ಮಗಳ ಹತ್ತಿರ ಹೋದರು. "ಮಗಳೇ, ಕೊನೇ ಟ್ಯಾಂಕು ಬೇರೆ ಯಾರಿಗಾದ್ರೂ ಕೊಡು. ನಿನ್ನ ಮೂರು ವರ್ಷ ನನ್ನ ಕೈಯಲ್ಲಿ ಹಾಳಾಗೋದು ಬೇಡ."

ಇವಳು ಬಾಟಲಿ ತೊಳೆಯುತ್ತಿದ್ದಳು, ತಿರುಗಿಯೂ ನೋಡಲಿಲ್ಲ. "ಅಪ್ಪ, ಒಂದು ಅಳತೆ ತಪ್ಪಿದ್ರೆ ಗರಗಸದವರನ್ನೇ ಬದಲಾಯಿಸ್ತಿದ್ರಾ ನಿಮ್ಮ ಕಾಲದಲ್ಲಿ? ಬುಧವಾರ ಬನ್ನಿ. ಟೋಪಿ ಹಾಕ್ಕೊಂಡು ಬನ್ನಿ, ಕೂದಲು ಬೀಳುತ್ತೆ ಟ್ಯಾಂಕಿಗೆ."

"ನನ್ನ ತಲೆಯಲ್ಲಿ ಕೂದಲೆಲ್ಲಿದೆ?"

"ಇರೋ ನಾಲ್ಕೇ ಆದ್ರೂ ಲೆಕ್ಕ ಲೆಕ್ಕಾನೇ," ಎಂದಳು. ಮಾವ ಮೂರು ದಿನದಲ್ಲಿ ಮೊದಲ ಸಲ ನಕ್ಕರು. ಆಮೇಲೆ ಹತ್ತು ನಿಮಿಷ ಕೆಮ್ಮಿದರು. ತೇಗದ ಕೆಮ್ಮು.

ಬುಧವಾರ ಹನ್ನೊಂದು ಹತ್ತಕ್ಕೆ ಎಂಜೈಮ್ ಬಿತ್ತು. ಮೂರು ಹತ್ತಕ್ಕೆ ನಿಲ್ಲಿಸಬೇಕು. ನಾನು ಶೆಡ್ಡಿನ ಹೊಸ್ತಿಲಿನ ಆಚೆ ಕೂತಿದ್ದೆ. ಒಳಗೆ ಬಂದರೆ ಕಾಲು ಮುರಿಯುತ್ತೇನೆ ಎಂದು ನನ್ನ ಹೆಂಡತಿ ಬೆಳಿಗ್ಗೆಯೇ ಹೇಳಿ ಕಳಿಸಿದ್ದಳು. ನಾದಿನಿ ಹತ್ತು ನಿಮಿಷಕ್ಕೊಮ್ಮೆ ತೊಟ್ಟು ತೊಟ್ಟು ತೆಗೆದು ನೋಡುತ್ತಿದ್ದಳು. ಮಾವ ಎರಡು ಗಂಟೆಗೇ ಚಕ್ರದ ಮೇಲೆ ಕೈ ಇಟ್ಟು ನಿಂತಿದ್ದರು.

ಮೂರು ಹತ್ತು.

"ಅಪ್ಪ, ಈಗ."

ಕೈ ಅಲ್ಲಾಡಲಿಲ್ಲ.

"ಅಪ್ಪ, ಹಲಗೆ ಆಗಿದೆ. ಚೆನ್ನಾಗಿದೆ. ಸಾಕು."

ಮಾವನ ಹಣೆಯಲ್ಲಿ ಬೆವರು. ಮೂರು ಬೆರಳು ಚಕ್ರವನ್ನು ಹಿಡಿದ ಬಿಗಿಗೆ ಬೆಳ್ಳಗಾಗಿದ್ದವು. "ತಿರುಗಿಸ್ತಾ ಇದೀನಿ ಮಗಳೇ," ಎನ್ನುತ್ತಾರೆ, ತಿರುಗಿಸುತ್ತಿಲ್ಲ. ನಾದಿನಿ ಓಡಿಬಂದು ಅವರ ಕೈಯ ಮೇಲೆ ಕೈ ಇಟ್ಟು ಎಳೆದಳು. ಬಾಟಲಿ ಹಿಡಿಯುವ ಕೈ ಅದು, ಚಕ್ರ ಮಿಸುಕಲಿಲ್ಲ. ಟ್ಯಾಂಕಿನೊಳಗೆ ಆ ಹಲ್ಲಿಲ್ಲದ ಗರಗಸ ನಾಲ್ಕನ್ನು ಎರಡು ಮಾಡುತ್ತಿದೆ, ಎರಡನ್ನು ಒಂದು ಮಾಡುತ್ತಿದೆ. ಒಂದೊಂದು ಕ್ಷಣಕ್ಕೂ ಬಸ್ಸಿನಿಂದ ಜನ ಇಳಿದುಹೋಗುತ್ತಿದ್ದಾರೆ. ಅವಳ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಮಾವನ ಕಣ್ಣಲ್ಲೂ ಬಂತು. ಆದರೂ ಕೈ ಮಾತ್ರ ಕಲ್ಲು.

ಆಗ ನಾನು ಎದ್ದು ನಿಂತು, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಕೂಡಿಸಿ ಕೂಗಿದೆ.

"ಮೊಳೆ!"

ಸರ್, ನೀವು ಮರದ ಮಿಲ್ಲಿನವರಲ್ಲ, ನಿಮಗೆ ಇದು ಬರೀ ಒಂದು ಮಾತು. ಮರದೊಳಗೆ ಹಳೆಯ ಮೊಳೆಯೊಂದು ಇದ್ದು ಗರಗಸಕ್ಕೆ ತಾಗಿದರೆ ಹಲ್ಲುಗಳು ಗುಂಡಿನ ಹಾಗೆ ಹಾರುತ್ತವೆ. ಯಾರ ಕಣ್ಣಿಗೆ, ಯಾರ ಕತ್ತಿಗೆ ಎಂದು ಹೇಳಲಾಗದು. ಅದಕ್ಕೇ ಆ ಮಾತು ಕೇಳಿದ ಮೇಲೆ ಯಾರೂ ಯೋಚಿಸುವುದಿಲ್ಲ, ಚಕ್ರ ತಿರುಗಿಸಿ ಗರಗಸ ನಿಲ್ಲಿಸಿಬಿಡುತ್ತಾರೆ. ತಮ್ಮ ಬೆರಳಿಗಾಗಿ ಏನನ್ನೂ ನಿಲ್ಲಿಸದ ಕೈ, ಇನ್ನೊಬ್ಬರ ಕಣ್ಣಿಗಾಗಿ ನಿಲ್ಲಿಸುತ್ತದೆ.

ನನ್ನ ಕೂಗಿಗೆ ದೊಡ್ಡ ಗರಗಸ ನಿಂತಿತು. ಚಿಕ್ಕ ಗರಗಸ ನಿಂತಿತು. ಲಾರಿ ನಿಂತಿತು. ರಸ್ತೆಯಲ್ಲಿ ಹೋಗುತ್ತಿದ್ದ ಮೆರವಣಿಗೆಯೊಂದು ನಿಂತಿತು. ಧಣಿಗಳ ಕೈಯಲ್ಲಿದ್ದ ಕಪ್ಪಿನಿಂದ ತಟ್ಟೆಗೆ ಬೀಳುತ್ತಿದ್ದ ಟೀ ಗಾಳಿಯಲ್ಲೇ ನಿಂತಿತು. ಆಫೀಸಿನ ಗಡಿಯಾರ ನಿಂತಿತು. ಕತ್ತು ತಿರುಗಿಸಿ ನೋಡಿ, ಈಗಲೂ ಮೂರು ಹನ್ನೊಂದು. ಬ್ಯಾಟರಿ ಹೋಗಿದೆ ಎನ್ನುತ್ತಾನೆ ಗುಮಾಸ್ತ, ಅವನ ಮಾತು ನಂಬುವವರು ಯಾರು?

ಮತ್ತೆ ಆ ನಿಶ್ಶಬ್ದದಲ್ಲಿ 'ಸುಂಯ್' ಎಂದು ಒಂದು ಸದ್ದು. ಹಬೆ. ಮಾವನ ಕೈ ಚಕ್ರವನ್ನು ಪೂರ್ತಿ ಬಲಕ್ಕೆ ತಿರುಗಿಸಿಬಿಟ್ಟಿತ್ತು. ಮಾವನಿಗೇ ಗೊತ್ತಿರಲಿಲ್ಲ. ನಾದಿನಿ ಉಷ್ಣಮಾಪಕ ನೋಡುತ್ತ ಎಣಿಸುತ್ತಿದ್ದಳು: "ಎಪ್ಪತ್ತು... ಎಂಬತ್ತು... ತೊಂಬತ್ತು ದಾಟಿತು ಅಪ್ಪ! ನಿಂತಿತು!"

ಮಾವ ಹೊರಗೆ ಬಂದರು. "ಎಲ್ಲಿ ಮೊಳೆ?" ಎಂದರು.

ಇಲ್ಲಿ ಇನ್ನೊಂದು ಕಟ್ಟಳೆ ಇದೆ. ಮೊಳೆ ಎಂದು ಕೂಗಿದವನು ಮೊಳೆ ತೋರಿಸಬೇಕು. ಸುಮ್ಮನೆ ಕೂಗಿದವನಿಗೆ ಈ ಮಿಲ್ಲಿನಲ್ಲಿ ಜಾಗವಿಲ್ಲ. ಅಷ್ಟರಲ್ಲಿ ಇಡೀ ಮಿಲ್ಲು ಬಂದು ಸುತ್ತ ನಿಂತಿತ್ತು, ಧಣಿಗಳೂ ಖಾಲಿ ಕಪ್ಪು ಹಿಡಿದು ಬಂದಿದ್ದರು. ನಾನು ಬಗ್ಗಿ, ನನ್ನ ಎಡಗಾಲಿನ ಚಪ್ಪಲಿಯ ಅಟ್ಟೆಯಿಂದ ಒಂದು ಮೊಳೆ ಕಿತ್ತು ಮಾವನ ಅಂಗೈ ಮೇಲೆ ಇಟ್ಟೆ.

ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಚಪ್ಪಲಿ ನೋಡಿದರು. ನನ್ನ ಮುಖ ನೋಡಿದರು.

"ಒಳ್ಳೇ ಮೊಳೆ," ಎಂದರು. "ಸರಿಯಾದ ಹೊತ್ತಿಗೆ ಸಿಕ್ಕಿತು." ಜೇಬಿಗೆ ಹಾಕಿಕೊಂಡರು. ಇನ್ಯಾರು ಏನು ಕೇಳುತ್ತಾರೆ? ಅದಕ್ಕೇ ಸರ್ ನನ್ನ ಈ ಚಪ್ಪಲಿ ಹೀಗೆ ಬಾಯಿ ಬಿಟ್ಟುಕೊಂಡಿರುವುದು. ನಂಬದಿದ್ದರೆ ನೋಡಿ, ತೂತು ಇದೆ.

ನಿನ್ನೆಯೆಲ್ಲ ಸೋಸಿ ಕಾಯಿಸಿದರು. ನಿಲ್ಲಿಸುವಾಗ ಒಂದೂವರೆ ನಿಮಿಷ ತಡವಾಗಿದೆ. ಆ ಒಂದೂವರೆ ನಿಮಿಷದಲ್ಲಿ ಎಷ್ಟು ಹಲಗೆ ಹೊಟ್ಟಾಯಿತು ಎಂಬುದು ಯಾರಿಗೂ ಗೊತ್ತಿಲ್ಲ. ನಾದಿನಿಗೂ ಗೊತ್ತಿಲ್ಲ. ಅದನ್ನೇ ನಿಮ್ಮ ಯಂತ್ರ ಒಳಗೆ ಹುಡುಕುತ್ತಿರುವುದು. ಮಾವ ಬೆಳಗಿನಿಂದ ಅದರ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಕೆಮ್ಮು ಬಂದರೂ ಕೆಮ್ಮುತ್ತಿಲ್ಲ, ಯಂತ್ರಕ್ಕೆ ಗಾಬರಿಯಾದೀತು ಎಂದು.

ಉಳಿದಿರುವ ಈ ಮೂರನೇ ಚಮಚವನ್ನೂ ತಗೊಂಡುಬಿಡಿ ಸರ್, ಲೋಟ ತೊಳೆಯಬೇಕು. ಏನದು ಸದ್ದು? ನನಗೇನೂ ಕೇಳಿಸಲಿಲ್ಲ. ದೂರದಲ್ಲಿ ಎಲ್ಲೋ ಗುಡುಗಿರಬೇಕು.

ಅಗೋ, ಬಾಗಿಲು ತೆರೆಯಿತು. ನಾದಿನಿ ಬಂದಳು, ಕೈಯಲ್ಲಿ ಕಾಗದ ಇದೆ. ಓಡುತ್ತಿಲ್ಲ ನೋಡಿ, ನಡೆಯುತ್ತಿದ್ದಾಳೆ. ಇವಳು ಓಡಿ ಬಂದರೂ ಭಯ, ನಡೆದು ಬಂದರೂ ಭಯ. ಏನಮ್ಮ? ಹೇಳಮ್ಮ!

"ಸರ್, ನೀವೇ ನೋಡಿ."

ತೋರಿಸಿ ಸರ್, ನನಗೂ ತೋರಿಸಿ. ಈ ಗೆರೆಗಳು ಏನು? ಒಂಟಿ ಸಕ್ಕರೆಯದು ಯಾವುದು? ಈ ಚಿಕ್ಕ ಮುಳ್ಳಾ? ಇಷ್ಟೇನಾ? ಮತ್ತೆ ಈ ಎತ್ತರದ ಮೂರು ಕಂಬ? ಎರಡರದು, ಮೂರರದು, ನಾಲ್ಕರದು! ಸರ್, ಪೆನ್ನು ತೆಗೆದಿರಾ? ಕಾಗದವನ್ನು ನನ್ನ ಬೆನ್ನ ಮೇಲೆ ಇಟ್ಟು ಬರೆಯಿರಿ, ಬಗ್ಗಿದೆ. ಕಚಗುಳಿ ಆಗುತ್ತದೆ, ಪರವಾಗಿಲ್ಲ, ಬರೆಯಿರಿ. ದಪ್ಪಕ್ಕೆ ಬರೆಯಿರಿ. ಆಯಿತಾ? ನೋಡಿ, ಮಾವ ಬಾಗಿಲಲ್ಲಿ ನಿಂತಿದ್ದಾರೆ. ಅಲ್ಲಿಂದಲೇ ಏನೋ ಕೇಳುತ್ತಿದ್ದಾರೆ.

"ಹಲಗೆ ಆಯ್ತಾ ಮಗಳೇ?"

"ಆಯ್ತು ಅಪ್ಪ. ಒಳ್ಳೇ ಹಲಗೆ. ಅಂಚು ನೀವೇ ಬಂದು ನೋಡಿ."

ಈಗ ಕೆಮ್ಮಿ ಮಾವ, ಈಗ ಎಷ್ಟು ಬೇಕಾದರೂ ಕೆಮ್ಮಿ! ಸರ್, ನೀವು ಯಾಕೆ ಎದ್ದಿರಿ? ಮುಖ ಯಾಕೆ ಹೀಗೆ? ಸಂತೋಷಕ್ಕಾ?

"ಭಾವ, ಲೋಟ ಯಾಕೆ ಖಾಲಿ ಇದೆ? ಎಷ್ಟು ಚಮಚ ಕೊಟ್ರಿ?"

ಅದನ್ನೇ ಹೇಳೋಣವೆಂದಿದ್ದೆ, ಇಷ್ಟುದ್ದ ಕಥೆಯಲ್ಲಿ ಮರೆತುಹೋಯಿತು. ಕೂತುಕೊಳ್ಳಿ ಸರ್, ಇದೊಂದು ಮಾತು ಕೇಳಿ ಹೋಗಿ. ನಮ್ಮ ನಾದಿನಿ ಮೊದಲೇ ಎಚ್ಚರಿಕೆ ಕೊಟ್ಟಿದ್ದಳು, ಅಭ್ಯಾಸ ಇಲ್ಲದವರು ಮೊದಲನೇ ದಿನ ಒಂದು ಚಮಚಕ್ಕಿಂತ ಜಾಸ್ತಿ ತಗೊಂಡರೆ ಕೊನೇ ಸ್ಟಾಪಿನವರಿಗೆ ಸಂಭ್ರಮ ಹೆಚ್ಚಾಗಿ ಅವರೆಲ್ಲ ಒಟ್ಟಿಗೆ ಎದ್ದು— ಸರ್, ಆ ಕಡೆ ಅಲ್ಲ, ಈ ಕಡೆ, ಹಸಿರು ಬಾಗಿಲು! ಚಿಲಕ ಸ್ವಲ್ಪ ಸಡಿಲ ಇದೆ, ಒಳಗಿಂದ ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ—